ವಿಭೂತಿ ಹಚ್ಚಿದ ವಿಯೋಲಾ

ಲಿಲಾವಿಗೆ, ಅಂದ್ರ ಹರಾಜಿಗೆ, ಹೋಗಿ ಮಂದಿ ಕೈಯಾಗ ನಗಸಿಕೊಳ್ಳದ ಮನಿಗೆ ಬಂದ ದಿನಾ ನನ್ನ ಹಣೇಬಾರದಾಗ ಒಂದೂ ಇಲ್ಲ. ಬ್ಯಾರೆದವರು ಲಿಲಾವಿಗೆ ಹೋಗತಾರ, ಸವಾಲ ಹಚ್ಚತಾರ, ಹಂಡೆನೋ ಕಪಾಟೋ ಹೊತಗೊಂಡ ಸುಮ್ಮ ಮನಿಗೆ ಬಂದು ಉಂಡ ಮಲಗತಾರ. ನಾ ಹೋದ್ರ ಏನರೆ ಒಂದು ಆಗಾಕ ಬೇಕು. ನಾ ಹುಡಕೂ ಸಾಮಾನನ ಅಂಥಾದ್ದು.

ವಿಯೋಲಾ ಅಂತಾರ ಅದಕ್ಕ. ಪಿಟೀಲು ನೀವು ನೋಡೀರಿ. ಅದರಕಿಂತ ನಾಕ ಬೆರಳ ದೊಡ್ಡದು, ದನಿ ಒಂದೀಟು ದಪ್ಪ, ಪಿಟೀಲಿನ ಅಕ್ಕ ಅಂತ ತಿಳಕೋರಿ. ನಾಟಕ ಕಂಪನ್ಯಾಗ ನಾ ಅದನ್ನ ಬಾರಸತಿದ್ದೆ. ಕಂಪನಿ ಮುಚ್ಚಿದ ಮ್ಯಾಲೆ ಜಮಖಂಡ್ಯಾಗ ಒಂದ ಸಾಲಿಗೆ ಹಾಡಿನ ಮಾಸ್ತರ ಆದೆ. ಪಿಟೀಲಿನವಂಗ ಮಂದಿ ಚಪ್ಪಾಳಿ ಹೊಡೀತಾರ, ಹಾರ್ಮೋನಿಯಂ ಪೇಟಿ ಬಾರಸಾವನ್ನ ಹೆಸರ ಹಿಡದ ಕರೀತಾರ, ವಿಯೋಲಾ ಮಾತ್ರ ಯಾರ ಕಿವಿಗೂ ಬೀಳಂಗಿಲ್ಲ. ಅದು ನಿಂತಾಗಷ್ಟ "ಏನೋ ಕಮ್ಮಿ ಆತಲ್ಲ" ಅಂತ ಹೊಳ್ಳಿ ನೋಡತಾರ. ನನ್ನ ಹೇಂತಿ ವಿಷಯಾನೂ ಹಂಗ ಆತು. ಇದ್ದಾಗ ಆಕಿ ಮನ್ಯಾಗ ಅದಾಳ ಅನ್ನೂದ ನನಗ ಗೊತ್ತಾಗತಿದ್ದಿಲ್ಲ.

ವರ್ಷಾ ದಸರಾದ ಖಂಡೀ ಪೂಜಿಗೆ ಆಕಿ ನನ್ನ ವಿಯೋಲಾಕ್ಕ ಮೂರ ಬೆರಳಲೆ ವಿಭೂತಿ ಎಳದು, ನಡುವ ಕುಂಕುಮ ಇಡಾಕಿ. "ಬಣ್ಣಾ ಕೆಡತೈತಿ, ಬ್ಯಾಡ" ಅಂದ್ರ ಕೇಳಾಕಿ ಅಲ್ಲ. "ಎತ್ತಿಗೆ ಹಚ್ಚತಾರ, ಮಗ್ಗಕ್ಕ ಹಚ್ಚತಾರ, ನಮ್ಮ ಹೊಟ್ಟಿ ತುಂಬಸೂದಕ್ಕ ಯಾಕ ಹಚ್ಚಬಾರದು?" ಅನ್ನಾಕಿ. ಎಣ್ಣಿಗೈಲೆ ಹಚ್ಚಿ ಹಚ್ಚಿ ಆ ಗೆರಿ ಕಟ್ಟಿಗ್ಯಾಗ ಇಳದ ಕುಂತಿದ್ವು. ಆಕಿ ತೀರಿಕೊಂಡ ವಾರದಾಗ ಆ ಗೆರಿ ನೋಡಾಕ ನನಗ ಆಗಲಿಲ್ಲ. ಬಾಗಲಕ್ಕ ಬಂದ ಹಳೇ ಸಾಮಾನಿನವಂಗ "ಒಯ್ಯಪಾ" ಅಂತ ಎತ್ತಿ ಕೊಟ್ಟುಬಿಟ್ಟೆ. ಮರುದಿನಾ ಮುಂಜಾನೆ ಎದ್ದ ಕೂಡಲೆ ಅದ ಗೆರಿ ನೋಡಬೇಕಂತ ಜೀವಾ ಚಡಪಡಿಸಾಕತ್ತು. ಹುಡಕಿ ಹುಡಕಿ ಆ ಮನಷ್ಯಾನ್ನ ಹಿಡದಾಗ "ಯಾವದೋ ಲಿಲಾವಿನ್ಯಾಗ ಹೋತಲ್ರಿ ಮಾಸ್ತರ" ಅಂದ.

ಇದಕ್ಕ ಎಂಟ ವರ್ಷಾತು. ಅವತ್ತಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಎಲ್ಲೆ ಹಳೇ ಸಾಮಾನಿನ ಲಿಲಾವು ಆದ್ರೂ ನಾ ಅಲ್ಲೆ. ಹಿಂದಕ ದೊಡ್ಡ ವಾಡೇದವರು ಬಾಜಾದ ಮಂದಿನ್ನ ಇಟಗೊಂಡಿದ್ರಂತ, ನಾಟಕ ಕಂಪನಿನೂ ಊರಿಗೊಂದು ಇದ್ವು. ಹಿಂಗಾಗಿ ಅಟ್ಟದ ಮ್ಯಾಲಿಂದ ಇನ್ನೂ ಒಂದಕಿಂತ ಒಂದು ಛಲೋ ವಿಯೋಲಾ ಕೆಳಗ ಇಳೀತಾವ. ನಂದೊಂದು ಬಿಟ್ಟು.

೧. ಬುತ್ತಿ ತಿರುಗಿ ಹೋತು

ಜಮಖಂಡಿ ಮನ್ಯಾಗ ಒಬ್ಬನ ಇರಾಕ ಆಗದ ಬನಹಟ್ಟಿಗೆ ಬಂದು ಒಂದ ಮಗ್ಗದ ಶೆಡ್ಡಿನ ಮ್ಯಾಲಿನ ಖೋಲಿ ಹಿಡದೆ. "ಎಷ್ಟ ಮಂದಿ ಇರತೀರಿ?" ಅಂತ ಮಗ್ಗದ ಮಾಲಕರು ಕೇಳಿದ್ರು. "ಒಬ್ಬನ" ಅಂದೆ. ಲಗ್ನಾ ಆಗಿಲ್ಲ ಅಂತ ಅವರು ತಿಳಕೊಂಡ್ರು. ನಾನೂ ತಿದ್ದಲಿಲ್ಲ. ತಿದ್ದಿದ್ರ ಆಕಿ ಹೋದ ಸುದ್ದಿ ಹೇಳಬೇಕಾಗತಿತ್ತು, ಹೇಳಾಕ ಬಾಯಿ ಬರಲಿಲ್ಲ.

ಖೋಲಿ ಭಾಡಗಿ ಸೋವಿ. ಯಾಕಂದ್ರ ಕೆಳಗ ಹನ್ನೆರಡ ಪಾವರ್‌ಲೂಮ ಮುಂಜಾನಿಂದ ಖಟಾಖಟ್ ಖಟಾಖಟ್ ಅಂತಾವ. ನೆಲಾ ನಡಗತೈತಿ. ಚಹಾದ ಕಪ್ಪು ತಾನಾಗೆ ಸರಕೋತ ಸರಕೋತ ಟೇಬಲ್ಲಿನ ತುದಿಗೆ ಬರತೈತಿ. ನನಗ ಅದು ಬೇಶ್ ಆತು. ಏನ ಬಾರಿಸಿದ್ರೂ ಯಾರಿಗೂ ಕೇಳಸೂದಿಲ್ಲ. ಖರೇ ಹೇಳಬೇಕಂದ್ರ ನನಗೂ ಕೇಳಸೂದಿಲ್ಲ.

ಒಂದ ಮಧ್ಯಾಹ್ನ, ಜಮಖಂಡಿ ಲಿಲಾವಿನ್ಯಾಗ ಹಿಡದ ಒಂದ ವಿಯೋಲಾ ಹೆಗಲಿಗೆ ಹಚ್ಚಿ, ಕಣ್ಣ ಮುಚ್ಚಿ ಬಾರಸಾಕತ್ತಿದ್ದೆ. ನಡುವ ಕರೆಂಟ್ ಹೋತು. ಹನ್ನೆರಡೂ ಮಗ್ಗ ಒಮ್ಮೆಲೆ ನಿಂತ್ವು. ನನಗ ಅದರ ಖಬರ ಇಲ್ಲ. ವಿಯೋಲಾದ ದಪ್ಪ ದನಿ ಮೆಟ್ಟಲ ಇಳದು ಶೆಡ್ಡಿನ್ಯಾಗ ಹೋತು, ಅಲ್ಲಿಂದ ಓಣ್ಯಾಗ ಹೋತು. ಕಣ್ಣ ತಗದ ನೋಡತೇನಿ, ಬಾಗಲದಾಗ ಮಗ್ಗದ ಮಂದಿ ಎಲ್ಲಾ ನಿಂತಾರ, ತಲಿ ಮ್ಯಾಲಿನ ಟೊಪಿಗಿ ತಗದ ಕೈಯಾಗ ಹಿಡದಾರ. ಎಲ್ಲಾರ ಮುಂದ ಮಾಲಕರು.

"ಯಾರ ತೀರಿಕೊಂಡ್ರು ಮಾಸ್ತರ?" ಅಂದ್ರು, ಸಣ್ಣ ದನೀಲೆ.

"ಯಾರೂ ಇಲ್ಲರಿ."

"ಮತ್ತ ಅಳೂ ದನಿ ಬಂತಲ್ರಿ?"

"ಅದು ವಾದ್ಯದ್ದರಿ. ಇದರ ದನಿನ ಹಂಗ ಐತಿ."

"ರೊಕ್ಕಾ ಕೊಟ್ಟ ತಂದೀರೇನು ಇದನ್ನ?" ಅಂತ ಮಾಲಕರು ಪಾಪ, ಭಾಳ ಮರಮರ ಮರುಗಿದ್ರು.

ಅಷ್ಟರಾಗ ಹಿಂದಿಂದ ಅವರ ಹೇಂತಿ ಬಂದ್ರು. ಓಣಿಗೆಲ್ಲಾ ಅವರು ಅಕ್ಕಾರು. ತಲಿ ತುಂಬ ಸೆರಗ ಹೊತಗೊಂಡು, ಬಿಳೇ ಅರಬ್ಯಾಗ ಬುತ್ತಿ ಕಟಗೊಂಡ ಬಂದಿದ್ರು. ನಮ್ಮ ಕಡೆ ಸತ್ತವರ ಮನ್ಯಾಗ ಒಲಿ ಹಚ್ಚಂಗಿಲ್ಲ, ಆಜೂಬಾಜೂದವರು ಬುತ್ತಿ ಒಯ್ದು ಉಣಸತಾರ. ಜ್ವಾಳದ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಆ ವಾಸನಿಗೆ ನನ್ನ ಹೊಟ್ಟಿ ಎದ್ದ ಕುಂತಿತು. ಮುಂಜಾನಿಂದ ನಾ ಎರಡ ಬಿಸ್ಕೀಟಿನ ಮ್ಯಾಲಿದ್ದೆ.

"ಯಾರೂ ಸತ್ತಿಲ್ಲಂತ, ನಡಿ" ಅಂದ್ರು ಮಾಲಕರು.

ಅಕ್ಕಾರು ನಡೀಲಿಲ್ಲ. ನನ್ನ ಮಾರಿ ನೋಡಿದ್ರು. "ಖರೇನ ಯಾರೂ ಇಲ್ಲೇನ್ರಿ ಮಾಸ್ತರ?"

ಮಾತು ನಾಲಿಗಿ ತುದಿಗೆ ಬಂದಿತ್ತು. ಅಂದುಬಿಟ್ಟಿದ್ರ ಆಗತಿತ್ತು. "ಇಲ್ಲರಿ ಅಕ್ಕಾರ" ಅಂದೆ.

ಸತ್ತವರಿಲ್ಲದ ಮನ್ಯಾಗ ಬುತ್ತಿ ಇಟ್ಟರ ಅಪಶಕುನಾ. ಅಕ್ಕಾರು "ದೇವರ ದೊಡ್ಡಾಂವ" ಅಂತ ಕೈ ಮುಗದು, ಬುತ್ತಿ ಎತಗೊಂಡು ಮೆಟ್ಟಲ ಇಳದ್ರು. ನಾ ಎಣಗಾಯಿ ವಾಸನ್ಯಾಗ ಮೂರನೇ ಬಿಸ್ಕೀಟ ತಿಂದೆ.

೨. ಟವಲಿನ ಕೆಳಗ

ಲಿಲಾವಿನ್ಯಾಗ ನನಗ ವೈರಿ ಅಂದ್ರ ನನ್ನ ಮಾರಿನ. ಬೇಕಾದ್ದು ಕಂಡ್ರ ಅದು ಹಸದ ಕೂಸಿನ ಮಾರಿ ಆಗತೈತಿ. ಕೂಗಾಂವ ಅದನ್ನ ನೋಡತಾನ, ರೇಟ ಏರಸತಾನ. ಅದಕ್ಕ ಮುಧೋಳದಾಗ ಒಂದ ವಾಡೇದ ಸಾಮಾನು ಲಿಲಾವಿಗೆ ಬಂದಾಗ ಗುರತಿನ ಒಬ್ಬ ದನದ ದಲಾಲನ್ನ ಜೋಡಿ ಕರಕೊಂಡ ಹೋದೆ. ಮೂವತ್ತ ವರ್ಷಾ ಸಂತ್ಯಾಗ ಎತ್ತಿನ ವ್ಯಾಪಾರ ಮಾಡಿಸಿದ ಮನಷ್ಯಾ. ಅವನ ಮಾರಿ ಮ್ಯಾಲೆ ಏನೂ ಕಾಣಂಗಿಲ್ಲ.

"ನೀವು ದೂರ ನಿಂದರ್ರಿ, ನಾ ಮಾಲ ನೋಡಿ ಬರತೇನಿ" ಅಂತ ಹೋದ. ವಿಯೋಲಾ ಎತ್ತಿ ಹಿಂದಮುಂದ ಹೊಳ್ಳಿಸಿದ, ಬೆನ್ನ ಮ್ಯಾಲೆ ಕೈ ಆಡಿಸಿದ, ಕುತ್ತಿಗಿ ಹಿಡದು ಎರಡ ಸಲಾ ಅಲ್ಲಾಡಿಸಿದ. ಹಲ್ಲ ಹಿಡದ ನೋಡೂದೊಂದ ಬಿಟ್ಟಿದ್ದ. ಬಂದು, "ಬೆನ್ನ ಛಲೋ ಐತ್ರಿ, ಸುಳಿ ಸರಿ ಅದಾವ. ಹಾಯೂ ಜಾತಿ ಅಲ್ಲ" ಅಂದ.

"ಮೈ ಮ್ಯಾಲೆ ಗೆರಿ ಅದಾವೇನು?"

"ಅದಾವಲ್ರಿ. ಪಟ್ಟಿ ಪಟ್ಟಿ ಅದಾವ."

ಸಿಕ್ಕಿತು ಅನಕೊಂಡೆ.

ದನದ ಸಂತ್ಯಾಗ ಬಾಯಿಲೆ ರೇಟ ಆಡಂಗಿಲ್ಲ. ಕೈ ಮ್ಯಾಲೆ ಟವಲ ಹಾಕಿ ಒಳಗ ಬೆರಳ ಒತ್ತತಾರ. ದಲಾಲ ಅದನ್ನ ನನಗೂ ಹೇಳಿಕೊಟ್ಟ. "ನನ್ನ ಬಾಜೂಕ ಕುಂದರ್ರಿ. ಏರಸೂದಿದ್ರ ಒಂದ ಸಲಾ ಒತ್ತರಿ, ನಾ ಒಂದ ಸಾವಿರ ಏರಸತೇನಿ. ಸಾಕಂದ್ರ ಕೈ ಬಿಡ್ರಿ."

ಸವಾಲು ಚಾಲೂ ಆತು. ಎದುರ ಒಬ್ಬನ ಒಬ್ಬ ಗಿರಾಕಿ. ಅವಂಗ ವಿಯೋಲಾ ಬೇಕಾಗಿರಲಿಲ್ಲ, ಮಗಳ ಬಳಿ ಇಡಾಕ ಅದರ ಮಖಮಲ್ಲಿನ ಪೆಟಿಗಿ ಬೇಕಾಗಿತ್ತು. ಎರಡನೇ ಕೂಗಿಗೆ ಎದ್ದ ಹೋದ. ಹೋದ್ರೂ ನಮ್ಮ ದಲಾಲ ನಿಲ್ಲವಲ್ಲ. "ಮೂರು" ಅಂದ. "ನಾಕು" ಅಂದ. "ಐದು" ಅಂದ. ಎದುರ ಯಾರ ಏರಸಾಕತ್ತಾರ ಅಂತ ನಾ ಕತ್ತ ಹೊಳ್ಳಿಸಿ ಹೊಳ್ಳಿಸಿ ನೋಡತೇನಿ, ಒಂದ ಹುಳಾ ಇಲ್ಲ. ಕೂಗಾಂವಗೂ ಬೆರಗು. ಆದ್ರ ಬರೂ ಲಕ್ಷ್ಮೀನ್ನ ಯಾಕ ತಡೀಲಿ ಅಂತ ಅವನೂ ಸುಮ್ಮ ಕೂಗಿದ. ಬೆವರ ಒರಸಾಕ ನಾ ಕೈ ಹೊರಗ ತಗದೆ ನೋಡ್ರಿ, ಅಲ್ಲಿಗೆ ನಿಂತಿತು.

"ಯಾರೋ ಮಾರಾಯಾ ಅಷ್ಟ ಏರಸಾಕತ್ತಿದ್ದು?" ಅಂದೆ.

"ನೀವ ಅಲ್ರಿ? ಬೆರಳ ಗುಬುಗುಬು ಒತ್ತಾಕತ್ತಿದ್ರಿ. ಮಾಸ್ತರಿಗೆ ಇವತ್ತ ಏನೋ ಮೈಮ್ಯಾಲೆ ಬಂದೈತಿ ಅನಕೊಂಡು ನಾನೂ ಏರಿಸಿದೆ."

ಆವಾಗ ತಿಳೀತು. ತಂತಿ ಮ್ಯಾಲೆ ದನಿ ನಡಗಸಾಕ ಬೆರಳ ಅಲ್ಲಾಡಸತೇವಲ್ಲ, ನಲವತ್ತ ವರ್ಷದ ರೂಢಿ. ವಿಯೋಲಾ ಕಂಡು ಎದಿ ತುಂಬಿ ಬಂದಾಗ ನನ್ನ ಬೆರಳು ದಲಾಲನ ಕೈ ಮ್ಯಾಲೆ ಅದನ್ನ ಬಾರಸಾಕತ್ತಿದ್ವು.

ಪೆಟಿಗಿ ತಗದೆ. ವಿಭೂತಿ ಇರಲಿಲ್ಲ. ಪಟ್ಟಿ ಖರೆ, ಕಟ್ಟಿಗಿದ ಪಟ್ಟಿ, ಹುಲಿ ಮೈ ಮ್ಯಾಲೆ ಇರತಾವಲ್ಲ ಹಂಗ. ಅಂಥಾ ಕಟ್ಟಿಗಿ ಅಂದ್ರ ಭಾರಿ ಮಾಲು, ಬ್ಯಾರೆ ಯಾರರೆ ಆಗಿದ್ರ ಕುಣದಾಡತಿದ್ರು. ನನಗ ಕಣ್ಣಾಗ ನೀರ ಬಂತು.

"ಮಾಲ ಛಲೋ ಐತಿ, ಮಾರಿ ಯಾಕ ಸಣ್ಣ ಮಾಡೀರಿ?" ಅಂದ ದಲಾಲ.

"ಇದು ನಂದಲ್ಲಪಾ."

"ಈಗಿನ್ನ ರೊಕ್ಕಾ ಎಣಿಸಿ ಕೊಟ್ಟೀರಿ. ನಿಮ್ದಲ್ಲಂದ್ರ ಯಾರದು?"

ಮೂರ ವಿಭೂತಿ ಗೆರಿ ಇದ್ದದ್ದು ಎಲ್ಲೆರೆ ಕಂಡ್ರ ತಿಳಸು ಅಂತ ಹೇಳಿದೆ. ಯಾಕಂತ ಹೇಳಲಿಲ್ಲ. "ಆತ್ರಿ" ಅಂದ. ಬಸ್ ಸ್ಟ್ಯಾಂಡಿನ ತನಕಾ ಜೋಡಿ ಬಂದು, ಹೊಂಡೂಮುಂದ ಕೈ ಮುಗದ. "ಮಾಸ್ತರ, ಸಂತ್ಯಾಗ ಎಂಥೆಂಥಾ ಗಿರಾಕಿ ನೋಡೇನಿ. ತನ್ನ ಮ್ಯಾಲೆ ತಾನ ಸವಾಲ ಹಚ್ಚಿ ತಾನ ಗೆದ್ದಾಂವ ನೀವ ಒಬ್ಬರ."

೩. ಎರಡ ಟಿಕೀಟ

ತೇರದಾಳದಾಗ ಒಂದ ಹಳೇ ವ್ಯಾಪಾರಸ್ಥರ ಮನಿ ಸಾಮಾನಿನ್ಯಾಗ ಇನ್ನೊಂದ ಸಿಕ್ಕಿತು. ಅದೂ ನಂದಲ್ಲ. ಆದ್ರ ಅದನ್ನ ಬಿಟ್ಟ ಬಂದ್ರ ಗೊಂಬಿ ಮಾಡಿ ಶೋಕೇಸಿನ್ಯಾಗ ಇಡತಾರಲ್ಲ ಅಂತ ಸಂಕಟಾತು, ತಗೊಂಡೆ. ಪೆಟಿಗಿ ಗೆದ್ದಲ ತಿಂದಿತ್ತು. ಟವಲಿನ್ಯಾಗ ಸುತ್ತಿ, ಬನಹಟ್ಟಿ ಮ್ಯಾಲೆ ಜಮಖಂಡಿಗೆ ಹೋಗೂ ಬಸ್ಸ ಹತ್ತಿ, ಕಿಡಕಿ ಬಾಜೂಕ ಸೀಟಿನ ಮ್ಯಾಲೆ ಕುಂದರಿಸಿದೆ. ತೊಡಿ ಮ್ಯಾಲೆ ಇಟಗೊಂಡ್ರ ಮುಂದಿನ ಸೀಟಿಗೆ ಬಡದು ಕುತ್ತಿಗಿ ಮುರೀತೈತಿ.

ಕಂಡಕ್ಟರ ಬಂದ. "ಇದೇನ್ರಿ?"

"ವಾದ್ಯರಿ."

"ಸೀಟ ಹಿಡದೈತಿ. ಟಿಕೀಟ ತಗೋರಿ."

ಹಿಂದಿನ ಸೀಟಿನ್ಯಾಗ ಅನಗವಾಡಿ ಊರಿನ ಮುದುಕಿ ಒಬ್ಬಾಕಿ ಕುಂತಿದ್ಲು, ಮಗಳ ಮನಿಗೆ ಬಂದು ಊರಿಗೆ ಹೊಂಟಿದ್ಲು. ಟವಲ ಸರಿಸಿ ನೋಡಿದ್ಲು. ಹೆಣ್ಣಮಕ್ಕಳಿಗೆ ಬಸ್ಸ ಫ್ರೀ ಆದಾಗಿಂದ ಮುದುಕ್ಯಾರಿಗೆ ಕಾಯ್ದೆ ಎಲ್ಲಾ ಬಾಯಿಪಾಠ ಐತಿ.

"ಯಾಕ ಟಿಕೀಟ ಕೇಳತಿಯೋ ತಮ್ಮಾ? ಇದು ಹೆಣ್ಣೈತಿ. ನಡಾ ನೋಡು ಎಷ್ಟ ಸಣ್ಣ ಐತಿ."

ಕಂಡಕ್ಟರೂ ಕಮ್ಮಿ ಇರಲಿಲ್ಲ. "ಹೆಣ್ಣಾದ್ರ ಆಧಾರ ಕಾರ್ಡ ತೋರಸಲಿ."

"ಅದಕ್ಕ ಬಾಯಿ ಎಲ್ಲೈತಿ ಕೇಳಾಕ? ಗಂಡಸ ಜೋಡಿ ಅದಾನಲ್ಲ, ಅವನ್ನ ಕೇಳು."

ಬಸ್ಸಿನ ಮಂದಿ ಎಲ್ಲಾ ನನ್ನ ಕಡೆ ನೋಡಾಕತ್ರು. "ಆಧಾರ ಇಲ್ಲರಿ. ಎರಡ ಟಿಕೀಟ ಕೊಡ್ರಿ" ಅಂದೆ. ಎರಡ ಟಿಕೀಟ ಅಂತ ಬಾಯಿಲೆ ಅಂದು ಎಷ್ಟ ವರ್ಷಾಗಿತ್ತು. ಆಕಿ ಇದ್ದಾಗ ನಾ ಟಿಕೀಟ ತಗೊಂಡು ಬರೂತನಕಾ ಕಿಡಕಿ ಬಾಜೂಕ ಸೆರಗ ಹಾಸಿ ಜಾಗಾ ಹಿಡದಿರತಿದ್ಲು. ನಾ ಕಿಡಕಿ ಕಡೆ ಮಾರಿ ಮಾಡಿ ಕುಂತೆ. ಗಾಳಿ ಹೊಡದು ಕಣ್ಣಾಗ ನೀರ ಬರತೈತಿ ಅಂತ ಮಂದಿ ತಿಳಕೋಬೇಕಲ್ಲ.

ಬನಹಟ್ಟಿ ಬಂತು. ಎರಡೂ ಟಿಕೀಟ ಕಿಸೇದಾಗ ಇಟಗೊಂಡು, ವಿಯೋಲಾ ಎತ್ತಿಕೊಂಡ ಇಳೀಬೇಕಾದ್ರ ಮುದುಕಿ ಹಿಂದಿಂದ ಕೂಗಿದ್ಲು: "ತಮ್ಮಾ, ಬಿಸಲೈತಿ, ಆಕಿ ತಲಿ ಮ್ಯಾಲೆ ಟವಲ ಹೊದಸು."

ಹೊದಿಸಿಕೊಂಡ ಮನಿತನಕಾ ಹೋದೆ.

೪. ಐದ ಪಿಟೀಲು, ಒಬ್ಬ ಆಳು

ಹಿಂಗ ಜಮಖಂಡಿದು ಒಂದು, ಮುಧೋಳದ್ದು ಒಂದು, ತೇರದಾಳದ್ದು ಒಂದು, ಬೀಳಗಿಯಿಂದ ಎರಡು, ಒಟ್ಟ ಐದು ಗ್ವಾಡಿಗೆ ಜೋತಬಿದ್ವು. ಒಂದಕ್ಕೂ ವಿಭೂತಿ ಇಲ್ಲ. ಅಕ್ಕಾರು ನೀರ ಬಿಡಾಕ ಮ್ಯಾಲೆ ಬಂದಾಗೊಮ್ಮೆ ಎಣಸತಿದ್ರು.

"ಮಾಸ್ತರ, ಒಂದ ಲಗ್ನಾ ಆಗಿದ್ರ ಇಷ್ಟ ತರೂ ಪಾಳಿ ಬರತಿದ್ದಿಲ್ಲ" ಅಂದ್ರು ಒಂದ ದಿನಾ.

"ಆಗಿತ್ತರಿ" ಅನ್ನಬೇಕಂತ ಮಾಡಿದ್ದೆ. "ಹೌದ್ರಿ" ಅಂದೆ.

ಮಾಲಕರು ಬಂದ್ರ ಅವರದು ಬ್ಯಾರೆ ಲೆಕ್ಕಾ. ಗ್ವಾಡಿ ನೋಡತಾರ, ನನ್ನ ನೋಡತಾರ, ಗಡ್ಡಾ ಕೆರಕೋತಾರ. "ನಮ್ಮ ಶೆಡ್ಡಿನ್ಯಾಗ ಒಬ್ಬ ಆಳು ನಾಕ ಮಗ್ಗ ಒಮ್ಮೆ ನಡಸತಾನ. ಧಾರ ಹರೀದಂಗ ನೋಡಕೊಂಡ್ರ ಆತು. ನೀವು ಅಕ್ಷರಾ ಕಲತ ಮಂದಿ, ಐದ ಪಿಟೀಲು ಒಮ್ಮೆ ನಡಸಾಕ ಬರಂಗಿಲ್ಲೇನು?"

"ಇಲ್ಲರಿ. ಒಂದಕ್ಕ ಒಬ್ಬಾಂವ ಬೇಕು."

"ಅಂದ್ರ ನಾಕು ಖಾಲಿ ನಿಂತಾವ." ಅವರಿಗೆ ಖರೇನ ಹೊಟ್ಟ್ಯಾಗ ಬೆಂಕಿ ಬಿದ್ದಂಗಾತು. ಹೋಗೂಮುಂದ ಬಾಗಲದಾಗ ನಿಂತು ಅಂದ್ರು, "ಕರೆಂಟ್ ಹಚ್ಚಿ ನೋಡೀರೇನು?"

೫. ನಡುವಿನ ಗೆರಿ

ಹೋದ ಶ್ರಾವಣದಾಗ ಮುಧೋಳದ ದಲಾಲನ ಫೋನ ಬಂತು.

"ಮಾಸ್ತರ, ಗಲಗಲಿ ಹತ್ತರ ಹೊಳೀದಂಡಿಗೆ ಒಂದ ಸಣ್ಣ ಮಠ ಐತಿ. ನಾಡದ ಪುರಾಣ ಮುಗಿಯೂ ಮಂಗಲ. ಅಲ್ಲೆ ಸವಾಲ ಕೂಗಾಂವ ನಾನ, ವರ್ಷಾ ಅದು ನನ್ನ ಸೇವಾ. ಯಾರೋ ಭಕ್ತರು ಭಜನಿಗೆ ಬರಲಿ ಅಂತ ನಿಮ್ಮಂಥಾ ದೊಡ್ಡ ಪಿಟೀಲು ಮಠಕ್ಕ ಕೊಟ್ಟಾರ. ಬಾರಸವರಿಲ್ಲ, ಸವಾಲಿಗೆ ಇಟ್ಟಾರ. ಮೂರ ಗೆರಿ ಅದಾವ. ಈ ಸಲಾ ಕಟ್ಟಿಗಿ ಪಟ್ಟಿ ಅಲ್ಲರಿ, ವಿಭೂತಿನ. ಉಗರಲೆ ಕೆರದ ನೋಡೇನಿ."

ಇದ್ದಬಿದ್ದ ರೊಕ್ಕಾ ಎಲ್ಲಾ ಕಟಗೊಂಡ ಹೋದೆ. ಮಠದ ಅಂಗಳದಾಗ ಮಂಟಪಾ ಹಾಕಿದ್ರು, ಮಂದಿ ತುಂಬಿತ್ತು. ತೆಂಗಿನಕಾಯಿ, ಕಬ್ಬು, ಶಾಲು, ಅವುಗಳ ನಡುವ ಸ್ಟೂಲಿನ ಮ್ಯಾಲೆ ಚೆಂಡಹೂವಿನ ಮಾಲಿ ಹಾಕಿಸಿಕೊಂಡು ನನ್ನ ವಿಯೋಲಾ ಕುಂತಿತ್ತು. ದೂರಿಂದನ ಗುರತ ಹತ್ತಿತು. ಮೂರ ಗೆರಿ, ನಡುವ ಮಾಸಿದ ಕುಂಕುಮ. ಮಂದಿ ನಡುವ ಜಾಗಾ ಮಾಡಿಕೊಂಡು ಕುಂತೆ.

ಆದ್ರ ಘಾತಾ ಆಗಿತ್ತು. ಕಟ್ಟಿಗ್ಯಾಗ ವಿಭೂತಿ ತಾನಾಗೆ ಮೂಡೇತಿ ಅಂತ ಮುಂಜಾನಿಂದ ಊರ ತುಂಬ ಸುದ್ದಿ. ಹೆಣ್ಣಮಕ್ಕಳು ಪಾಳಿ ಹಚ್ಚಿ ಅದಕ್ಕ ನಮಸ್ಕಾರ ಮಾಡಾಕತ್ತಿದ್ರು. ಒಬ್ಬ ಮುದುಕ ಅಂತೂ ಉದ್ದಕ ಮಕ್ಕೊಂಡು ಸಾಷ್ಟಾಂಗ ಹಾಕಿದ.

ಮಠದ ಸವಾಲು ವ್ಯಾಪಾರ ಅಲ್ಲ. ಭಕ್ತಿಗೆ ಏರಸತಾರ, ಹಿಡದ ಸಾಮಾನು ಮನಿಗೆ ಒಯ್ಯಂಗಿಲ್ಲ, "ಮಠಕ್ಕ ಬಿಟ್ಟೆ" ಅಂತಾರ. ಅದ ಸಾಮಾನಿಗೆ ಮತ್ತ ಸವಾಲು. ಒಂದ ತೆಂಗಿನಕಾಯಿ ಏಳ ಸಲಾ ಮಾರಿ ಎಂಟನೇ ಸಲಾ ಒಡದು ಪ್ರಸಾದ ಹಂಚತಾರ. ಇದು ನನಗ ಗೊತ್ತಿದ್ದದ್ದ. ವಿಯೋಲಾ ಕಂಡ ಕೂಡಲೆ ತಲ್ಯಾಗಿಂದ ಹಾರಿ ಹೋಗಿತ್ತು.

ಮೊದಲನೇ ಸಲಾ ಕಬ್ಬಿನ ರೈತ ಒಬ್ಬಾಂವ ಹಿಡದ, ಮಠಕ್ಕ ಬಿಟ್ಟ. ಎರಡನೇ ಸಲಾ ಬೀಳಗಿ ಅರಬಿ ಅಂಗಡಿಯವರು ಹಿಡದ್ರು, ಬಿಟ್ಟರು. ಭಕ್ತಿ ಏರಿಕೋತ ಹೊಂಟಿತ್ತು, ನನ್ನ ಕಿಸೆ ಏರಂಗಿಲ್ಲ. ಮೂರನೇ ಸವಾಲಿಗೆ ಇದ್ದದ್ದೆಲ್ಲಾ ಒಮ್ಮೆ ಕೂಗಿಬಿಟ್ಟೆ. ಬನಹಟ್ಟಿಯಿಂದ ಇಷ್ಟ ದೊಡ್ಡ ಭಕ್ತ ಬಂದಾನ ಅಂತ ಮಂದಿ ತಿರುಗಿ ತಿರುಗಿ ನೋಡಿದ್ರು.

"ಒಂದ ಸಲಾ, ಎರಡ ಸಲಾ, ಮೂರ ಸಲಾ" ಅಂದ ದಲಾಲ. ನಾ ಎದ್ದ ನಿಂದರೂದ್ರಾಗ ರೂಢೀಲೆ ಮೈಕಿನ್ಯಾಗ ಕೂಗಿದ, "ಮಾಸ್ತರು ಮಠಕ್ಕ ಬಿಟ್ಟರು. ಮತ್ತ ಸವಾಲು."

ಮಂದಿ ಚಪ್ಪಾಳಿ ಹೊಡೀತು. ನಾ ಓಡಿ ಹೋಗಿ ವಿಯೋಲಾ ಎದಿಗೆ ಅವಚಿಕೊಂಡೆ. "ಬಿಟ್ಟಿಲ್ಲ" ಅಂದೆ. ಮೈಕ ಅಲ್ಲೆ ಇತ್ತು, ಅದು ಹೊಳೀ ಆಚೆ ದಂಡಿಗೂ ಕೇಳಿಸಿರಬೇಕು.

ಚಪ್ಪಾಳಿ ನಿಂತಿತು. ಹಿಂಗ ಅಂದವರು ಆ ಮಠದಾಗ ಮೊದಲ ಯಾರೂ ಇರಲಿಲ್ಲ. ಗದ್ದಿಗಿ ಮ್ಯಾಲೆ ಕುಂತಿದ್ದ ಅಜ್ಜಾರು, ಅಂದ್ರ ಮಠದ ಸ್ವಾಮಿಗಳು, ನನ್ನ ಹತ್ತರ ಕರದ್ರು.

"ಯಾಕಪಾ ಮಾಸ್ತರ, ದೇವರ ಗುರತ ಇದ್ದ ಸಾಮಾನ ಅದು. ಮನಿಗೆ ಒಯ್ಯತೇನಿ ಅಂತಿಯೇನು?"

"ಅಜ್ಜಾರ, ಇದು ದೇವರು ಮೂಡಿಸಿದ್ದಲ್ಲರಿ. ನನ್ನ ಮನಿಯಾಕಿ ಹಚ್ಚಿದ್ದು."

"ಆಕಿ ಎಲ್ಲೆ ಅದಾಳ? ಕರಿ, ಕೇಳೂಣು."

"ತೀರಿಕೊಂಡಾಳ್ರಿ."

ಎಂಟ ವರ್ಷದಾಗ ಆ ಮಾತು ಮೊದಲನೇ ಸಲಾ ನನ್ನ ಬಾಯಿಂದ ಬಂತು. ಅದೂ ಮೈಕಿನ್ಯಾಗ. ದಲಾಲ ಮೈಕ ಹಿಡಕೊಂಡು ಬಾಯಿ ತಗದ ನಿಂತಿದ್ದ, ಬಂದ್ ಮಾಡೂದ ಮರತಿದ್ದ. ಅವನ ಮಾರಿ ಮ್ಯಾಲೂ ಅವತ್ತ ಏನೋ ಕಂಡಿತು.

ಅಜ್ಜಾರು ವಿಯೋಲಾದ ಕಡೆ ಕೈ ಮಾಡಿದ್ರು. "ಆಕಿ ಕೈದ ಅನ್ನಾಕ ಗುರತ ಏನು?"

"ನಡುವಿನ ಗೆರಿ ನೋಡ್ರಿ ಅಜ್ಜಾರ. ಮ್ಯಾಲಿಂದು ಕೆಳಗಿಂದು ಸೀದಾ ಅದಾವ, ನಡುವಿಂದು ಸೊಟ್ಟ ಹೋಗಿ ಕೆಳಗಿನದಕ್ಕ ಬಡದೈತಿ. ಸಣ್ಣಾಕಿದ್ದಾಗ ಬೀಸೂಕಲ್ಲಾಗ ಸಿಕ್ಕು ಆಕಿ ನಡುವಿನ ಬೆರಳು ಸೊಟ್ಟ ಆಗಿತ್ತು. ವರ್ಷಾ ಅದ ಜಾಗಾಕ್ಕ ಹಚ್ಚಾಕಿ, ವರ್ಷಾ ಹಂಗ ಸೊಟ್ಟ. ನೆಟ್ಟಗ ಹಚ್ಚಾಕ ಬರಂಗಿಲ್ಲೇನು ಅಂತ ನಾ ಬೈತಿದ್ದೆ."

ಅಜ್ಜಾರು ಚಷ್ಮಾ ತಗದು, ಕಾವಿ ಅರಬಿಲೆ ಒರಸಿ, ಮತ್ತ ಹಾಕಿಕೊಂಡು ಬಗ್ಗಿ ನೋಡಿದ್ರು. ಅಂಗಳದ ಮಂದಿ ಎಲ್ಲಾ ತುದಿಗಾಲ ಮ್ಯಾಲೆ ನಿಂತ ನೋಡಿತು.

"ಹೌದು, ಸೊಟ್ಟ ಐತಿ" ಅಂದ್ರು. "ದೇವರು ಎಳದಿದ್ರ ನೆಟ್ಟಗ ಎಳೀತಿದ್ದ. ಇದು ಸಂಸಾರ ಮಾಡಿದ ಕೈನ. ಒಯ್ಯೋ ತಮ್ಮಾ, ನಿಂದು ನಿನಗ."

ರೊಕ್ಕಾ ಕೊಡಾಕ ಹೋದ್ರ ಅಜ್ಜಾರು ಮುಟ್ಟಲಿಲ್ಲ. ಹೇಂತಿ ಹಚ್ಚಿದ ಗುರತ ಮಾರಾಕ ಮಠ ಸಂತಿ ಅಲ್ಲ ಅಂದ್ರು. ನಾ ವಿಯೋಲಾ ಹಿಡಕೊಂಡು ಕೂಸಿನಂಗ ಅತ್ತೆ, ನಾಚಿಗಿ ಬರಲಿಲ್ಲ.

ಅಷ್ಟರಾಗ ಮುಂಜಾನೆ ಸಾಷ್ಟಾಂಗ ಹಾಕಿದ ಮುದುಕ ಮುಂದ ಬಂದ. ಅವನ ಅಂಗಿಗೆ ಇನ್ನೂ ಮಣ್ಣ ಹತ್ತಿತ್ತು. "ಅಜ್ಜಾರ, ಅಂದ್ರ ನಾ ಮುಂಜಾನಿಂದ ಮೂರ ಸಲಾ ಉದ್ದಕ ಬಿದ್ದದ್ದು ಮಾಸ್ತರನ ಹೇಂತಿಗೇನ್ರಿ?"

"ಆಗಲಿ ಬಿಡು" ಅಂದ್ರು ಅಜ್ಜಾರು. "ರೂಢಿ ಆತಲ್ಲ. ಇನ್ನ ಮನಿಗೆ ಹೋಗಿ ನಿನ್ನಾಕಿಗೂ ಒಂದ ಸಲಾ ಬೀಳು."

೬. ಮತ್ತ ಕರೆಂಟ್ ಹೋತು

ಮರುದಿನಾ ಮಧ್ಯಾಹ್ನ ನನ್ನ ವಿಯೋಲಾಕ್ಕ ಹೊಸಾ ತಂತಿ ಹಾಕಿ, ಗೆರಿಗೆ ಕೈ ಹತ್ತದಂಗ ಹಿಡದು ಬಾರಸಾಕ ಕುಂತೆ. ಕೆಳಗ ಮಗ್ಗ ಖಟಾಖಟ್ ನಡದಿದ್ವು. ನಡುವ ಕರೆಂಟ್ ಹೋತು. ಈ ಸಲಾ ನನಗ ಗೊತ್ತಾತು. ಗೊತ್ತಾಗಿನೂ ನಿಲ್ಲಸಲಿಲ್ಲ.

ಮೆಟ್ಟಲ ಮ್ಯಾಲೆ ಹೆಜ್ಜಿ ಸಪ್ಪಳಾತು. ಒಬ್ಬರದ. ಅಕ್ಕಾರು ಬಾಗಲದಾಗ ಬಂದ ನಿಂತ್ರು. ಈ ಸಲಾ ಬುತ್ತಿ ತಂದಿರಲಿಲ್ಲ, ಒಮ್ಮೆ ಮೋಸ ಹೋಗಿದ್ರಲ್ಲ.

"ಇವತ್ತ ಭಾಳ ಅಳಾಕತ್ತೈತಲ್ರಿ ಇದು. ಯಾರೂ ಇಲ್ಲ ಹೌದಲ್ರಿ?" ಅಂದ್ರು.

"ಅದಾರ್ರಿ ಅಕ್ಕಾರ" ಅಂದೆ. "ನನ್ನ ಮನಿಯಾಕಿ ತೀರಿಕೊಂಡಾಳ."

ಅಕ್ಕಾರು ನನ್ನ ಮಾರಿ ನೋಡಿದ್ರು, ವಿಯೋಲಾದ ಮ್ಯಾಲಿನ ವಿಭೂತಿ ನೋಡಿದ್ರು. ಲಗ್ನಾ ಯಾವಾಗ ಆಗಿತ್ತು ಅಂತ ಕೇಳಲಿಲ್ಲ. ಸೆರಗ ತಲಿಗೆ ಎಳಕೊಂಡು ಕೆಳಗ ಇಳದ್ರು. ಸ್ವಲ್ಪ ಹೊತ್ತಿಗೆ ಬಿಳೇ ಅರಬಿ ಗಂಟ ಹಿಡಕೊಂಡ ಬಂದು, ನನ್ನ ಮುಂದ ಗಂಗಾಳ ಇಟ್ಟು, ರೊಟ್ಟಿ ಮ್ಯಾಲೆ ಎಣಗಾಯಿ ಹಾಕಿ, ಎದುರ ಕುಂತ್ರು. ಕೆಳಗ ಕರೆಂಟ್ ಬಂದಿತ್ತು. ಮಗ್ಗ ಮಾತ್ರ ಚಾಲೂ ಆಗಲಿಲ್ಲ. ಮಾಸ್ತರು ಉಣ್ಣೂತನಕಾ ಒಂದೂ ಹಚ್ಚಬ್ಯಾಡ್ರಿ ಅಂತ ಮಾಲಕರು ಆಳ ಮಕ್ಕಳಿಗೆ ಹೇಳೂದು ಕೇಳಿಸಿತು.

ನಾ ರೊಟ್ಟಿ ಮುರದು ಎಣಗಾಯಿ ಹಚ್ಚಿ ತಿಂದೆ.

"ಎಂದ ಹೋದ್ರು ಅವರು?" ಅಂದ್ರು ಅಕ್ಕಾರು, ಮೆಲ್ಲಕ.

"ಎಂಟ ವರ್ಷಾತ್ರಿ."

ಅಕ್ಕಾರು ಮೊಸರ ಹಾಕೂ ಕೈ ಅಲ್ಲೆ ನಿಲ್ಲಿಸಿದ್ರು. ನನ್ನ ಮಾರಿ ನೋಡಿದ್ರು, ಗಂಗಾಳದಾಗಿನ ಎರಡ ರೊಟ್ಟಿ ನೋಡಿದ್ರು, ಮತ್ತ ನನ್ನ ನೋಡಿದ್ರು.

"ಎಂಟ ವರ್ಷದ ದುಃಖಾ ಒಂದ ಬುತ್ತಿಲೆ ಮುಗಿಯೂದಲ್ಲರಿ ಮಾಸ್ತರ. ನಾಳಿಂದ ಇಬ್ಬರ ಅಡಗಿ ಜೋಡಿ ನಿಮ್ದೂ ಮಾಡತೇನಿ" ಅಂದ್ರು. ಮೊಸರ ಹಾಕಿದ್ರು. ಗ್ವಾಡಿ ಮ್ಯಾಲಿನ ಐದನ್ನ ಒಂದ ಸಲಾ ಎಣಿಸಿದ್ರು, ನನ್ನ ತೊಡಿ ಮ್ಯಾಲಿನ ಆರನೇದನ್ನ ನೋಡಿದ್ರು. "ಆ ಐದು ಯಾರ ಸತ್ತದ್ದಕ್ಕ ತಂದದ್ದು, ಈಗ ಹೇಳಿಬಿಡ್ರಿ. ಹಿಟ್ಟ ಹೆಚ್ಚಿಗಿ ಹಾಕಿಸಬೇಕು."